ಕುಡಿತ ಬಿಡುವ ಮೊದಲ ನಾಲ್ಕು ದಿನ: ಮನೆಯೋ, ಆಸ್ಪತ್ರೆಯೋ?

"ಡಾಕ್ಟ್ರೇ, ನಮ್ಮನೆಯವ್ರು ಕುಡಿಯೋದು ಬಿಟ್ಟು ಮೂರು ದಿನ ಆಯ್ತು. ಈಗ ಹಂಚಿನ ಮೇಲೆ ಯಾರೋ ಓಡಾಡ್ತಾ ಇದ್ದಾರೆ ಅಂತಿದ್ದಾರೆ. ಎಂತ ಮಾಡೋದು?"

ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಮೊದಲ ದಿನ ಮನೆಯವರಿಗೆ ಖುಷಿ, ಅಂತೂ ಬಿಟ್ಟರಲ್ಲ ಅಂತ. ಎರಡನೇ ದಿನ ಕೈ ನಡುಗುತ್ತದೆ, ಮೈಯೆಲ್ಲ ಬೆವರು, ರಾತ್ರಿ ನಿದ್ದೆ ಇಲ್ಲ. ಆಗಲೂ "ಬಿಟ್ಟಿದ್ದಕ್ಕೆ ಹಾಗೆ, ಸರಿ ಹೋಗುತ್ತೆ" ಎನ್ನುತ್ತಾರೆ. ಮೂರನೇ ದಿನ ಸಂಜೆ ಗೋಡೆ ಮೇಲೆ ಇಲ್ಲದ ಹುಳ ಹರಿದಾಡುತ್ತದೆ, ಹೆಂಡತಿಯ ಗುರುತು ಹತ್ತುವುದಿಲ್ಲ. ಚೌಡಿ ಕಾಟ ಎಂದು ಯಾರೋ ಹೇಳುತ್ತಾರೆ, ನಿಂಬೆಹಣ್ಣು ಮಂತ್ರಿಸಿ ತರುವಷ್ಟರಲ್ಲಿ ಇನ್ನೊಂದು ರಾತ್ರಿ ಕಳೆದಿರುತ್ತದೆ.

ಅದು ಚೌಡಿಯಲ್ಲ, ವಿತ್‌ಡ್ರಾವಲ್. ಪುಸ್ತಕದಲ್ಲಿ ಹಿಂತೆಗೆತ ಅಂತ ಬರೆಯುತ್ತಾರೆ, ಆದರೆ ಆ ಪದ ಹೇಳಿದರೆ ನಮ್ಮ ಸಿಸ್ಟರ್ ಕೂಡ ಮುಖ ನೋಡುತ್ತಾರೆ, ಹಾಗಾಗಿ ವಿತ್‌ಡ್ರಾವಲ್ ಅಂತಲೇ ಇರಲಿ. ನಾನು ಹೇಳಬೇಕಾದ್ದು ಇಷ್ಟು. ವರ್ಷಗಟ್ಟಲೆ ದಿನಾ ಕುಡಿದವರು ಒಂದೇ ದಿನದಲ್ಲಿ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಆದರೂ ಇಂಥವರಲ್ಲಿ ಹೆಚ್ಚಿನವರನ್ನು ಊರಿನ ಪಿಎಚ್‌ಸಿಯಲ್ಲೇ ಮಾತ್ರೆ ಕೊಟ್ಟು ದಾಟಿಸಬಹುದು. ಯಾರನ್ನು ಮನೆಯಲ್ಲಿಟ್ಟು ನೋಡಬಹುದು, ಯಾರನ್ನು ಮನೆಯಲ್ಲಿ ಇಡಲೇಬಾರದು ಎನ್ನುವುದು ಮೊದಲೇ ತಿಳಿದಿರಬೇಕು, ಅಷ್ಟೇ.

ಬಿಟ್ಟರೆ ಯಾಕೆ ಹೀಗಾಗುತ್ತದೆ?

ಆಗುಂಬೆ ಘಾಟಿ ಇಳಿಯುವ ಲಾರಿ ನೆನಪು ಮಾಡಿಕೊಳ್ಳಿ. ಮದ್ಯ ಮೆದುಳಿಗೆ ಬ್ರೇಕ್ ಒತ್ತಿದ ಹಾಗೆ. ದಿನಾ ಬ್ರೇಕ್ ಬಿದ್ದರೆ ಮೆದುಳು ಸುಮ್ನೆ ಕೂರುವುದಿಲ್ಲ, ಸರಿದೂಗಿಸಲು ತಾನೂ ಆಕ್ಸಿಲರೇಟರ್ ಒತ್ತುತ್ತಾ ಬರುತ್ತದೆ. ವರ್ಷಗಟ್ಟಲೆ ಹೀಗೇ ನಡೆದ ಮೇಲೆ ಒಂದು ಬೆಳಗ್ಗೆ ಬ್ರೇಕ್ ತೆಗೆದುಬಿಟ್ಟರೆ ಆಕ್ಸಿಲರೇಟರ್ ಮಾತ್ರ ಪೂರ್ತಿ ಒತ್ತಿಯೇ ಇರುತ್ತದೆ. ನಡುಕ, ಬೆವರು, ಎದೆಬಡಿತ, ಬಿಪಿ ಏರುವುದು, ಫಿಟ್ಸ್ ಎಲ್ಲ ಅದರದ್ದೇ ಆಟ. ಅದು ತಾನಾಗಿ ಸಡಿಲವಾಗಲು ಕೆಲವು ದಿನ ಬೇಕು. ಅಲ್ಲಿಯ ತನಕ ಬೇರೊಂದು ಬ್ರೇಕ್ ಹಾಕಿ ಮೆಲ್ಲಗೆ ಬಿಡುತ್ತಾ ಬರುವುದೇ ನಮ್ಮ ಚಿಕಿತ್ಸೆ.

2020ರಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು, ನಮ್ಮ ರಾಜ್ಯದಲ್ಲಿ ಮದ್ಯದಂಗಡಿ ಮತ್ತೆ ತೆರೆದದ್ದು ಮೇ 4ಕ್ಕೆ. ಸುಮಾರು 40 ದಿನ ಯಾರಿಗೂ ತಯಾರಿ ಇಲ್ಲ, ಔಷಧಿ ಇಲ್ಲ, ಬಾಗಿಲು ಮಾತ್ರ ಬಂದ್. ಸಣ್ಣ ರೂಪದಲ್ಲಿ ಇದೇ ಕಥೆ ಚುನಾವಣೆ ಬಂದಾಗಲೂ ಆಗುತ್ತದೆ. ಮತದಾನ ಮುಗಿಯುವ ಮುಂಚಿನ 48 ಗಂಟೆ ಅಂಗಡಿ ಮುಚ್ಚಿರುತ್ತದೆ, ಫಿಟ್ಸ್ ಬರುವುದೂ ಹೆಚ್ಚಾಗಿ ಆ 48 ಗಂಟೆಯ ಒಳಗೇ. ಅಯ್ಯಪ್ಪನ ಮಾಲೆ ಹಾಕಿದ ದಿನ, ದೇವಸ್ಥಾನದಲ್ಲಿ ಆಣೆ ಮಾಡಿ ಬಂದ ದಿನ, ಕಾಲು ಮುರಿದು ಆಸ್ಪತ್ರೆಗೆ ಸೇರಿದ ದಿನ, ಇವೂ ಹಾಗೇ. ಭಕ್ತಿಗೆ ನನ್ನದೇನೂ ತಕರಾರಿಲ್ಲ. ಮಾಲೆ ಹಾಕುವ ವಾರ ಮೊದಲು ಒಮ್ಮೆ ಪಿಎಚ್‌ಸಿಗೆ ಬಂದು ಹೋಗಿ ಎನ್ನುತ್ತೇನೆ, ಅಷ್ಟೇ.

ಮೊದಲು ಲೆಕ್ಕ ಸರಿಯಾಗಿ ಹೇಳಿ

"ಎಷ್ಟು ಕುಡೀತೀರಿ?" ಎಂದರೆ "ಸ್ವಲ್ಪ, ಸಂಜೆ ಮಾತ್ರ" ಎನ್ನುವುದು ಊರಿನ ಸಾಮಾನ್ಯ ಉತ್ತರ. ಹೆಂಡತಿ ಪಕ್ಕದಲ್ಲಿದ್ದರೆ ಇನ್ನೂ ಸ್ವಲ್ಪ. ಅದಕ್ಕೇ ಇಬ್ಬರನ್ನೂ ಬೇರೆ ಬೇರೆ ಕೇಳಬೇಕು, ಬೈಯದೆ ಕೇಳಬೇಕು. ನಮಗೆ ಬೇಕಾದ್ದು ನೀತಿಯ ಉತ್ತರ ಅಲ್ಲ, ಮಾತ್ರೆಯ ಅಳತೆ ಹಾಕಲು ಬೇಕಾದ ಲೆಕ್ಕ. ದಿನಕ್ಕೆ ಎಷ್ಟು ನೈಂಟಿ, ಎಷ್ಟು ಕ್ವಾರ್ಟರ್? ಎಷ್ಟು ವರ್ಷದಿಂದ? ಕೊನೆಯ ಗುಟುಕು ಯಾವಾಗ, ಗಂಟೆ ಸಮೇತ? ಒಂದು ಕ್ವಾರ್ಟರ್ ಅಂದರೆ 180 ಮಿಲಿ. ಬಾಟಲಿ ಮೇಲೆ ಶೇಕಡಾ 42.8 ಅಂತ ಇರುತ್ತದೆ, ಹಾಗಾಗಿ ಒಳಗೆ ಹೋಗುವುದು ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. ದಿನಕ್ಕೆ ಎರಡು ಕ್ವಾರ್ಟರ್ ಎಂದರೆ "ಸ್ವಲ್ಪ" ಅಲ್ಲವೇ ಅಲ್ಲ. ಸಾರಾಯಿ 2007ರ ಜುಲೈ 1ಕ್ಕೆ ನಿಷೇಧ ಆಯಿತು, ಆದರೆ ಎಲ್ಲಾದರೂ ಕಳ್ಳಭಟ್ಟಿ ಕುಡಿಯುವವರಿದ್ದರೆ ಅದನ್ನೂ ಹೇಳಿ. ಅದರಲ್ಲಿ ಏನು ಬೆರೆಸಿರುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ. ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯಬೇಡಿ.

ಎಲ್ಲ ಪ್ರಶ್ನೆ ಮರೆತರೂ ಇದೊಂದನ್ನು ಮರೆಯಬೇಡಿ: ಬೆಳಗ್ಗೆ ಎದ್ದ ತಕ್ಷಣ, ಕೈ ನಿಲ್ಲಬೇಕು ಅಂತ ಕುಡಿಯಬೇಕಾಗುತ್ತದಾ? ಹೌದು ಎಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ, ಸುಮ್ನೆ ಬಿಡುವ ಹಾಗಿಲ್ಲ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಲ್ಲಿ ಇದನ್ನು ನೋಡಿದ್ದೇನೆ. ಬೆಳಗ್ಗೆ ಒಂದಿಷ್ಟು ಹಾಕದಿದ್ದರೆ ಮರ ಹತ್ತಲು ಕೈ ಹಿಡಿತಕ್ಕೆ ಬರುವುದಿಲ್ಲ, ಹಾಕಿದರೆ ಮರದಿಂದ ಬೀಳುವ ಭಯ.

ಹೆಂಗಸರನ್ನೂ ಕೇಳಿ. ಕುಡಿಯುವ ಹೆಂಗಸರು ಗಂಡಸರಿಗಿಂತ ಜಾಸ್ತಿ ಮುಚ್ಚಿಡುತ್ತಾರೆ, ಯಾಕೆಂದರೆ ಅವರ ಮೇಲೆ ಬೀಳುವ ಮಾತೂ ಜಾಸ್ತಿ.

ಮನೆಯಲ್ಲಿ ಬಿಡಿಸಬಹುದಾ?

ಇದನ್ನು ತೀರ್ಮಾನ ಮಾಡುವುದು ಡಾಕ್ಟರ್. ಆದರೆ ಯಾವುದರ ಮೇಲೆ ತೀರ್ಮಾನ ಮಾಡುತ್ತಾರೆ ಅಂತ ಮನೆಯವರಿಗೂ ಆಶಾ ಕಾರ್ಯಕರ್ತೆಗೂ ಗೊತ್ತಿದ್ದರೆ ಒಳ್ಳೆಯದು.

ಹಿಂದೆ ಯಾವಾಗಲಾದರೂ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇಲ್ಲದ್ದು ಕಂಡಿತ್ತಾ? ಬಂದಿದ್ದರೆ ಮನೆ ಬೇಡ, ನೇರ ಆಸ್ಪತ್ರೆ. ಇಲ್ಲಿ ಇನ್ನೊಂದು ವಿಷಯ. ಬಿಡುವುದು, ಮತ್ತೆ ಶುರು ಮಾಡುವುದು, ಮತ್ತೆ ಬಿಡುವುದು ಹೀಗೆ ನಡೆದಾಗ ವಿತ್‌ಡ್ರಾವಲ್ ಪ್ರತಿ ಸಲ ಹಿಂದಿನದಕ್ಕಿಂತ ಜೋರಾಗುವುದು ಉಂಟು. "ಹೋದ ಸಲ ಏನೂ ಆಗಿರ್ಲಿಲ್ಲ" ಎನ್ನುವ ಧೈರ್ಯದ ಮೇಲೆ ಕೂರಬೇಡಿ.

ಗರ್ಭಿಣಿ, ವಯಸ್ಸಾದವರು, ಲಿವರ್ ಕೆಟ್ಟು ಕಣ್ಣು ಹಳದಿಯಾದವರು, ಹೊಟ್ಟೆಯಲ್ಲಿ ನೀರು ತುಂಬಿದವರು, ರಕ್ತ ವಾಂತಿ ಆದವರು, ಹಿಡಿತಕ್ಕೆ ಸಿಗದ ಸಕ್ಕರೆ ಕಾಯಿಲೆ ಇರುವವರು, ಕುಡಿತದ ಜೊತೆ ನಿದ್ದೆ ಮಾತ್ರೆಯನ್ನೂ ನುಂಗುವವರು, ಇವರ್ಯಾರಿಗೂ ಮನೆ ಸರಿಯಲ್ಲ. ಸಾಯುವ ಮಾತಾಡುವವರಿಗಂತೂ ಬೇಡವೇ ಬೇಡ. ತಿಂದದ್ದು ಒಂದೂ ನಿಲ್ಲದೆ ವಾಂತಿ ಮಾಡುತ್ತಿದ್ದರೆ ಮಾತ್ರೆಯೂ ನಿಲ್ಲುವುದಿಲ್ಲ, ಅವರೂ ಆಸ್ಪತ್ರೆಗೇ.

ಇನ್ನು ಮನೆಯ ಸ್ಥಿತಿ. ಕುಡಿಯದ ಒಬ್ಬ ದೊಡ್ಡವರು ನಾಲ್ಕೈದು ದಿನ ಹಗಲೂ ರಾತ್ರಿ ಜೊತೆಗಿರಬೇಕು. ಅಣ್ಣ ಇದ್ದಾನೆ ಎನ್ನುತ್ತಾರೆ, ವಿಚಾರಿಸಿದರೆ ಅಣ್ಣನೂ ಅದೇ ಬಾರಿನ ಗಿರಾಕಿ. ಆಮೇಲೆ ದಾರಿ. ಪಟ್ಟಣದವರಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಇದಕ್ಕೆ ಅಷ್ಟು ಬೆಲೆ ಇಲ್ಲ, ನಮಗೆ ಇದೇ ದೊಡ್ಡದು. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 60 ಕಿಲೋಮೀಟರ್ ಹತ್ತಿರ ಇದೆ, ಒಳಗಿನ ಹಳ್ಳಿಯಿಂದ ತೀರ್ಥಹಳ್ಳಿಗೇ ಒಂದು ಗಂಟೆ ಬೇಕು, ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ ತುಮರಿ ಕಡೆಯವರು ಲಾಂಚ್ ನಂಬಿಕೊಂಡೇ ಹೊಳೆ ದಾಟಬೇಕಿತ್ತು. ನಿಮ್ಮ ಮನೆಯಿಂದ ಡಾಕ್ಟರ್ ಇರುವ ಆಸ್ಪತ್ರೆಗೆ ರಾತ್ರಿ ಹೊತ್ತಲ್ಲಿ ಎಷ್ಟು ಹೊತ್ತು ಬೇಕು ಅಂತ ಸುಳ್ಳಿಲ್ಲದೆ ಲೆಕ್ಕ ಹಾಕಿ. ದೂರ ಜಾಸ್ತಿ ಇದ್ದರೆ ಆ ನಾಲ್ಕು ದಿನ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಇದ್ದುಬಿಡಿ. ಇದು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ, ಆದರೆ ಕೆಲಸ ಮಾಡುತ್ತದೆ.

ಸೋಮವಾರ ಶುರು ಮಾಡಿ

ಹೆಚ್ಚಿನವರು ಬಿಡುವುದು ಶನಿವಾರವೋ ಅಮಾವಾಸ್ಯೆಯೋ ನೋಡಿ. ನಾನು ಹೇಳುವುದು ಸೋಮವಾರ. ಅತಿ ಕಷ್ಟದ ಎರಡು, ಮೂರು, ನಾಲ್ಕನೇ ದಿನಗಳು ಆಗ ಮಂಗಳವಾರದಿಂದ ಗುರುವಾರದ ತನಕ ಬರುತ್ತವೆ. ಡಾಕ್ಟರ್ ಇರುತ್ತಾರೆ, ಔಷಧಿ ಕೋಣೆ ತೆರೆದಿರುತ್ತದೆ, ಬಸ್ ಇರುತ್ತದೆ. ಹಬ್ಬ, ಮದುವೆ, ಅಡಿಕೆ ಕೊಯ್ಲಿನ ಜೋರು ದಿನಗಳನ್ನು ತಪ್ಪಿಸಿ.

ಡಾಕ್ಟರನ್ನು ನೋಡುವ ತನಕ ಏನು ಮಾಡುವುದು? ದಿನಾ ಬೆಳಗ್ಗೆಯೇ ಕುಡಿಯುವವರು ಗುರುವಾರ ಮನಸ್ಸು ಮಾಡಿ, ಸೋಮವಾರ ಆಸ್ಪತ್ರೆಗೆ ಬರುವುದಾದರೆ, ನಡುವಿನ ಮೂರು ದಿನ ಒಮ್ಮೆಗೇ ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಂಡು ಬನ್ನಿ. ಡಾಕ್ಟರೇ ಕುಡಿಯಿರಿ ಅಂದರು ಅಂತ ಊರೆಲ್ಲ ಹೇಳಿಕೊಂಡು ಬಂದವರಿದ್ದಾರೆ. ನಾನು ಹೇಳಿದ್ದು ಹಾಗಲ್ಲ, ಮಾತ್ರೆ ಇಲ್ಲದೆ ಒಮ್ಮೆಲೇ ಬಿಡಬೇಡಿ ಅಂತ.

ಆಸ್ಪತ್ರೆಯಲ್ಲಿ ಏನು ಕೊಡುತ್ತಾರೆ

ಮುಖ್ಯ ಔಷಧಿ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್. ಹೊಸ ಬ್ರೇಕ್ ಅಂದೆನಲ್ಲ, ಇದೇ. ಲಿವರ್ ತೊಂದರೆ ಇದ್ದವರಿಗೆ, ವಯಸ್ಸಾದವರಿಗೆ ಲೊರಾಜೆಪಾಮ್ ಕೊಡುವುದು ಹೆಚ್ಚು. ತಜ್ಞರಿಲ್ಲದ ಆಸ್ಪತ್ರೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಕೈಪಿಡಿಯಲ್ಲಿ ಡಯಾಜೆಪಾಮ್ ಶುರುವಿಗೆ ದಿನಕ್ಕೆ 40 ಮಿಲಿಗ್ರಾಂ ವರೆಗೆ, ಅದೂ 3ರಿಂದ 7 ದಿನ ಮಾತ್ರ ಅಂತ ಇದೆ. ದಿನದಿಂದ ದಿನಕ್ಕೆ ಇಳಿಸುತ್ತಾ ನಿಲ್ಲಿಸುತ್ತಾರೆ. ನಿಮ್ಮವರಿಗೆ ಎಷ್ಟು ಅನ್ನುವುದು ಅವರ ತೂಕ, ವಯಸ್ಸು, ಲಿವರ್, ನಡುಕ ನೋಡಿ ಡಾಕ್ಟರ್ ಹೇಳಬೇಕು. ಪಕ್ಕದ ಮನೆಯವರ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡಿ. ಈ ಮಾತ್ರೆ ನುಂಗಿ ಮೇಲೆ ಕುಡಿದರೆ ಉಸಿರೇ ನಿಧಾನವಾಗಿ ನಿಂತುಬಿಡಬಹುದು. ಅದಕ್ಕೇ ಮಾತ್ರೆಯನ್ನು ಒಂದೆರಡು ದಿನಕ್ಕಾಗುವಷ್ಟೇ ಕೊಡುವುದು, ಅದನ್ನೂ ಮನೆಯವರ ಕೈಗೆ ಕೊಡುವುದು. "ಒಂದೇ ಸಲ ಹತ್ತು ದಿನಕ್ಕೆ ಕೊಡಿ, ಓಡಾಡಕ್ಕಾಗಲ್ಲ" ಎಂದು ಜಗಳ ಮಾಡುವವರಿದ್ದಾರೆ. ಓಡಾಟದ ಕಷ್ಟ ನನಗೂ ಗೊತ್ತು. ಆದರೂ ಕೊಡುವುದಿಲ್ಲ.

ನಡುಕ, ಬೆವರು, ವಾಕರಿಕೆ, ಗಾಬರಿ ಇಂಥ ಹತ್ತು ವಿಷಯಕ್ಕೆ ಅಂಕ ಹಾಕುವ ಒಂದು ಪಟ್ಟಿ ಇದೆ, ಸಿವಾ ಅಂತ ಕರೆಯುತ್ತೇವೆ, ಒಟ್ಟು 67 ಅಂಕ. ಎಂಟು ಹತ್ತರ ಒಳಗಿದ್ದರೆ ಹಗುರ, ಹದಿನೈದು ದಾಟಿದರೆ ಗಂಭೀರ ಅಂತ ಸುಮಾರಾಗಿ ಇಟ್ಟುಕೊಳ್ಳುತ್ತಾರೆ. ಪಿಎಚ್‌ಸಿ ಸಿಸ್ಟರ್‌ಗಳು ಒಂದೆರಡು ಸಲ ಮಾಡಿದರೆ ಐದು ನಿಮಿಷದ ಕೆಲಸ. ಹಾಗಂತ ಅಂಕ ನೋಡಿಕೊಂಡು ಮನುಷ್ಯನನ್ನು ನೋಡುವುದು ಬಿಡಬಾರದು.

ಎರಡನೆಯದು ಥಯಾಮಿನ್, ಅಂದರೆ ವಿಟಮಿನ್ ಬಿ1. ಇದರಲ್ಲಿ ನಾನೇ ಎಡವಿದ್ದೇನೆ, ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸುಸ್ತಾಗಿ ಬಂದ ಒಬ್ಬರಿಗೆ, ಮನೆಯವರೂ "ಒಂದು ಬಾಟಲಿ ಹಾಕಿ ಡಾಕ್ಟ್ರೇ" ಅಂದರು ಅಂತ ಸೀದಾ ಗ್ಲೂಕೋಸ್ ಹಾಕಿದೆ. ನಮ್ಮ ಹಿರಿಯ ಸಿಸ್ಟರ್ ಬಂದು ಬಾಟಲಿ ನೋಡಿ, ನನ್ನ ಮುಖ ನೋಡಿ, "ಸರ್, ಬಿ1 ಹಾಕಿಲ್ವಲ್ಲ" ಎಂದರು. ಕುಡಿಯುವವರ ಮೈಯಲ್ಲಿ ಬಿ1 ಮೊದಲೇ ಬರಿದಾಗಿರುತ್ತದೆ, ಇದ್ದ ಚೂರನ್ನೂ ಗ್ಲೂಕೋಸ್ ಎಳೆದುಕೊಂಡರೆ ಮೆದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡುವುದು, ಕಣ್ಣುಗುಡ್ಡೆ ಸರಿಯಾಗಿ ತಿರುಗದಿರುವುದು, ಗೊಂದಲ, ಇವು ಅದರ ಗುರುತು. ಕುಡಿಯದೆಯೇ ತೂರಾಡುತ್ತಿದ್ದರೆ ನೆನಪಿಡಿ. ಅವತ್ತು ಆ ಸಿಸ್ಟರ್ ದಯದಿಂದ ಏನೂ ಆಗಲಿಲ್ಲ. ಗ್ಲೂಕೋಸ್‌ಗೆ ಮೊದಲು ಅಥವಾ ಅದರ ಜೊತೆಗೇ ಥಯಾಮಿನ್ ಹೋಗಬೇಕು. ರಕ್ತದ ಸಕ್ಕರೆ ತೀರಾ ಇಳಿದಿದ್ದರೆ ಮಾತ್ರ ಗ್ಲೂಕೋಸ್ ಕಾಯುವ ಹಾಗಿಲ್ಲ, ಎರಡೂ ಒಟ್ಟಿಗೆ ಹಾಕಬೇಕು. ಆಮೇಲೆ ಮಾತ್ರೆ ರೂಪದಲ್ಲಿ ದಿನಕ್ಕೆ 100 ಮಿಲಿಗ್ರಾಂನಂತೆ ಕನಿಷ್ಠ ಐದು ದಿನ. ಸರಿಯಾಗಿ ಊಟ ಇಲ್ಲದೆ ಕುಡಿದವರಿಗೆ ಮೊದಲು ಇಂಜೆಕ್ಷನ್ನೇ ವಾಸಿ, ಹೊಟ್ಟೆಯಿಂದ ಹೀರಿಕೊಳ್ಳುವುದು ಕಡಿಮೆ.

ಪಿಎಚ್‌ಸಿಯ ನನ್ನ ಕಿರಿಯ ಮಿತ್ರರಿಗೊಂದು ಮಾತು. ರೋಗಿ ಕೂಗಾಡುತ್ತಿದ್ದಾನೆ ಅಂತ ಬರೀ ಹ್ಯಾಲೊಪೆರಿಡಾಲ್ ಚುಚ್ಚಿ ಮಲಗಿಸಬೇಡಿ. ಅದು ಫಿಟ್ಸ್‌ಗೆ ದಾರಿ ಸುಲಭ ಮಾಡಿಕೊಡುತ್ತದೆ. ಡಯಾಜೆಪಾಮ್ ಸಾಕಷ್ಟು ಹೋದ ಮೇಲೂ ಬೇಕಾದರೆ ಮಾತ್ರ ಜೊತೆಗೆ.

ಗಂಟೆಗಳ ಲೆಕ್ಕ

ಕೊನೆಯ ಗುಟುಕಿನಿಂದ 6ರಿಂದ 12 ಗಂಟೆ ಒಳಗೆ ಕೈ ನಡುಕ, ಬೆವರು, ವಾಕರಿಕೆ, ಸಿಡುಕು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ 6ರಿಂದ 48 ಗಂಟೆ. ಕೆಲವರಿಗೆ 12 ಗಂಟೆ ದಾಟಿದ ಮೇಲೆ ಇಲ್ಲದ್ದು ಕಾಣಿಸಬಹುದು, ಕೇಳಿಸಬಹುದು, ಆದರೆ ತಾನು ಎಲ್ಲಿದ್ದೇನೆ ಅಂತ ಪ್ರಜ್ಞೆ ಇರುತ್ತದೆ. ನಿಜವಾದ ಗಂಡಾಂತರ 48ರಿಂದ 96 ಗಂಟೆ. ಡೆಲಿರಿಯಂ ಟ್ರೆಮೆನ್ಸ್, ನಾವು ಡಿ.ಟಿ. ಅನ್ನುತ್ತೇವೆ. ದಿನ ಯಾವುದು, ಮನೆ ಯಾವುದು ತಿಳಿಯುವುದಿಲ್ಲ, ಮೈ ಸುಡುತ್ತದೆ, ಹಾಸಿಗೆಯಿಂದ ಎದ್ದು ಓಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾಯುವವರಿದ್ದಾರೆ, ಸಿಕ್ಕಿದರೆ ಬಹಳಷ್ಟು ಜನ ಬದುಕುತ್ತಾರೆ. ಇದು ಪಿಎಚ್‌ಸಿಯಲ್ಲಿ ಇಟ್ಟುಕೊಳ್ಳುವ ಕೇಸ್ ಅಲ್ಲ. ಮೊದಲ ಡೋಸ್ ಕೊಟ್ಟು 108ರಲ್ಲಿ ಕಳಿಸಬೇಕಾದ್ದು.

ಮೂರನೇ ದಿನ ಸ್ವಲ್ಪ ಆರಾಮ ಕಂಡಿತು ಅಂತ ಕಾವಲು ಬಿಡಬೇಡಿ. ಐದನೇ ದಿನ ಬೆಳಗ್ಗೆ ಕಾಫಿ ಲೋಟ ತುಳುಕದೆ ಬಾಯಿಗೆ ಹೋದರೆ ಅಲ್ಲಿಗೆ ದೊಡ್ಡ ಘಾಟಿ ದಾಟಿತು ಅಂತ.

ಮನೆಯಲ್ಲಿ ಇಟ್ಟುಕೊಂಡರೆ

ಮನೆಯಲ್ಲಿರುವ ಮದ್ಯವನ್ನೆಲ್ಲ ಹೊರಗೆ ಹಾಕಿ. ಕೊಟ್ಟಿಗೆಯಲ್ಲಿ, ಅಡಿಕೆ ಅಟ್ಟದಲ್ಲಿ, ಗೊಬ್ಬರದ ಚೀಲದ ಹಿಂದೆ ಸಿಗುತ್ತದೆ. ಕತ್ತಿ, ಕೊಡಲಿ, ತೋಟಕ್ಕೆ ಹೊಡೆಯುವ ಔಷಧಿ, ಕೋವಿ ಇದ್ದರೆ ಅದೂ, ಬೇರೆಯವರ ಮನೆಗೆ ಹೋಗಲಿ. ಬಾವಿಗೆ ಕಟ್ಟೆ ಇಲ್ಲದಿದ್ದರೆ ಅಡ್ಡ ಏನಾದರೂ ಹಾಕಿ. ಗೊಂದಲದಲ್ಲಿ ರಾತ್ರಿ ಎದ್ದು ಹೊರಗೆ ಹೋಗುವವರು ಬಾವಿ, ಕೆರೆ ನೋಡುವುದಿಲ್ಲ.

ಮಲಗುವ ಕೋಣೆಯಲ್ಲಿ ರಾತ್ರಿ ಸಣ್ಣ ದೀಪ ಇರಲಿ. ಕತ್ತಲಲ್ಲಿ ನೆರಳೇ ಮನುಷ್ಯನ ಹಾಗೆ ಕಂಡು ಗಾಬರಿ ಜಾಸ್ತಿಯಾಗುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ, ಹಾಗಾಗಿ ಚಾರ್ಜ್ ಆದ ಲೈಟ್ ಒಂದನ್ನು ಹತ್ತಿರ ಇಟ್ಟುಕೊಳ್ಳಿ. ನೋಡಲು ಬರುವ ನೆಂಟರನ್ನು ನಾಲ್ಕು ದಿನ ಬಾಗಿಲಲ್ಲೇ ತಡೆಯಿರಿ. "ಇವತ್ತಾದ್ರೂ ಬುದ್ಧಿ ಬಂತಾ" ಎಂದು ಕೇಳಲು ಬರುವ ದೊಡ್ಡಪ್ಪನನ್ನು ಮೊದಲು ತಡೆಯಿರಿ.

ಊಟ ಸೇರುವುದಿಲ್ಲ, ಒತ್ತಾಯ ಬೇಡ. ಗಂಜಿ, ತಿಳಿಸಾರು, ಮಜ್ಜಿಗೆ, ತಂಬುಳಿ ಅನ್ನ, ಬಾಳೆಹಣ್ಣು, ಎಳನೀರು, ಓಆರ್‌ಎಸ್, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಕಾಫಿ ಕಡಿಮೆ ಮಾಡಿ. ಮಲೆನಾಡಲ್ಲಿ ಇದನ್ನು ಹೇಳಿದರೆ ಕುಡಿತ ಬಿಡು ಅಂದದ್ದಕ್ಕಿಂತ ದೊಡ್ಡ ಬೇಸರ, ಆದರೂ ನಿದ್ದೆ ಇಲ್ಲದವರಿಗೆ ಐದಾರು ಲೋಟ ಕಾಫಿ ಒಳ್ಳೆಯದಲ್ಲ, ಅಲ್ವಾ? ಕಷಾಯ ಕೊಡಿ. ಹೊಟ್ಟೆ ತಂಪಿಗೆ ಅಂತ ಒಂದು ಸಣ್ಣ ಗುಟುಕು ಮದ್ಯ ಮಾತ್ರ ಕೊಡಬೇಡಿ. ಈಗ ಮಾತ್ರೆ ಒಳಗಿದೆ.

ದಿನಕ್ಕೆ ಒಮ್ಮೆಯಾದರೂ ಯಾರಾದರೂ ಆರೋಗ್ಯ ಸಿಬ್ಬಂದಿ ನೋಡಬೇಕು, ಇಲ್ಲದಿದ್ದರೆ ಫೋನಿನಲ್ಲಿ ಮಾತಾಡಬೇಕು. ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ ಮಾತ್ರ ಅಂತಿದ್ದರೆ, ದಿನಾ ಸಂಜೆ ಇಂಥ ಹೊತ್ತಿಗೆ ಫೋನ್ ಮಾಡುತ್ತೇನೆ, ಬರದಿದ್ದರೆ ಏನೋ ಆಗಿದೆ ಅಂತ ತಿಳ್ಕೊಳ್ಳಿ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಜೀಪೋ ಆಟೋ ಯಾರದ್ದು ಅಂತಲೂ ಮೊದಲೇ ಹೇಳಿಡಿ. ಅವನೂ ಕುಡಿದಿರಬಾರದು.

ಫಿಟ್ಸ್ ಬಂದರೆ

ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಸುತ್ತಲಿನ ಗಟ್ಟಿ ಸಾಮಾನು ಸರಿಸಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರದೆ ಮತ್ತೊಂದು ಬಂದರೆ ತುರ್ತು. ಒಂದೇ ನಿಮಿಷದಲ್ಲಿ ನಿಂತರೂ ಮನೆಯಲ್ಲಿ ಇಟ್ಟುಕೊಳ್ಳುವ ಕಥೆ ಅಲ್ಲಿಗೆ ಮುಗಿಯಿತು. 108ಕ್ಕೆ ಫೋನ್ ಮಾಡಿ.

ಜ್ವರ ಇದ್ದರೆ ಕುಡಿತದ ಮೇಲೆ ಹಾಕಬೇಡಿ

ಇದು ನಮ್ಮ ಭಾಗಕ್ಕೆ ಬೇಕೇ ಬೇಕಾದ ಮಾತು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಅದರ ಕಾಲ. ಕಾಡಿಗೆ ಸೊಪ್ಪಿಗೆ, ದರಗಿಗೆ (ಒಣ ಎಲೆಗೆ) ಹೋದವರಿಗೆ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವಂಥದ್ದು. ಇದ್ದಕ್ಕಿದ್ದಂತೆ ಜ್ವರ, ಸಿಡಿಯುವ ತಲೆನೋವು, ಮೈಕೈ ನೋವು. ಕೆಲವರಿಗೆ ಒಮ್ಮೆ ವಾಸಿಯಾದ ಹಾಗೆ ಕಂಡು ಮತ್ತೆ ಜ್ವರ ಬಂದು ನಡುಕ, ಗೊಂದಲವೂ ಆಗುತ್ತದೆ. ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ಇಲಿಜ್ವರ. ಕುಡಿಯುವ ಮನುಷ್ಯನಿಗೆ ಜ್ವರ, ನಡುಕ, ಅರ್ಥವಿಲ್ಲದ ಮಾತು ಎಲ್ಲ ಒಟ್ಟಿಗೆ ಬಂದರೆ ಊರಿನವರೂ, ಕೆಲವೊಮ್ಮೆ ಆಸ್ಪತ್ರೆಯವರೂ "ಕುಡಿದು ಬಿಟ್ಟದ್ದಕ್ಕೆ" ಅಂದುಬಿಡುತ್ತಾರೆ. ಡಿ.ಟಿ.ಯಲ್ಲೂ ಜ್ವರ ಬರುತ್ತದೆ ನಿಜ, ಆದರೆ ಅದನ್ನು ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಲಿ. ಕಾಡಿಗೆ ಹೋಗಿದ್ದು, ಹತ್ತಿರದಲ್ಲಿ ಮಂಗ ಸತ್ತಿದ್ದು ಇದ್ದರೆ ಕೇಳದಿದ್ದರೂ ಹೇಳಿ. ಪರೀಕ್ಷೆಗೆ ಮೊದಲು ಎಲ್ಲೋ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ, ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯ ಇದೆ.

ತಲೆಗೆ ಬಿದ್ದ ಪೆಟ್ಟೂ ಹಾಗೇ. ವಾರದ ಹಿಂದೆ ಕುಡಿದು ಕಾಲುಸಂಕದಿಂದ ಬಿದ್ದಿದ್ದು ಯಾರಿಗೂ ನೆನಪಿರುವುದಿಲ್ಲ. ಈಗ ಮಂಪರು, ವಾಂತಿ, ಒಂದು ಕೈ ಸೋತಿದೆ ಎಂದರೆ ಅದು ವಿತ್‌ಡ್ರಾವಲ್ ಅಲ್ಲ, ಸ್ಕ್ಯಾನ್ ಬೇಕು.

ಗಾಂಜಾ, ನೋವಿನ ಮಾತ್ರೆ, ನಿದ್ದೆ ಮಾತ್ರೆ

ಗಾಂಜಾ ಬಿಟ್ಟ ಹುಡುಗರಿಗೆ ಸಿಡುಕು, ನಿದ್ದೆ ಇಲ್ಲ, ಊಟ ಸೇರಲ್ಲ, ಕೆಟ್ಟ ಕನಸು. ಒಂದೆರಡು ವಾರದಲ್ಲಿ ಇಳಿಯುತ್ತದೆ, ಜೀವಕ್ಕೆ ಅಪಾಯ ಇಲ್ಲ, ಅದಕ್ಕೇ ಅಂತ ಬೇರೆ ಮಾತ್ರೆಯೂ ಇಲ್ಲ. ಆದರೆ ಬಿಟ್ಟು ವಾರಗಳಾದರೂ ಯಾರೋ ತನ್ನ ಹಿಂದೆ ಬಿದ್ದಿದ್ದಾರೆ ಎನ್ನುವ ಸಂಶಯ ಹೋಗದಿದ್ದರೆ ಮನೋವೈದ್ಯರಿಗೆ ತೋರಿಸಿ.

ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಹೆರಾಯಿನ್ ಎಲ್ಲ ಒಂದೇ ಜಾತಿ. ಬಿಟ್ಟರೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿತ, ಭೇದಿ. ಯಮಯಾತನೆ, ಆದರೆ ನೀರು ಉಪ್ಪು ಸರಿಯಾಗಿ ಹೋದರೆ ಸಾಮಾನ್ಯವಾಗಿ ಪ್ರಾಣಕ್ಕೆ ಬರುವುದಿಲ್ಲ. ಇಲ್ಲಿ ಸಾವು ಬರುವುದು ಆಮೇಲೆ. ಹತ್ತು ದಿನ ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ಹಳೇ ಲೆಕ್ಕದಲ್ಲಿ ಒಂದೇ ಸಲ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಇದನ್ನು ಹುಡುಗನಿಗೂ ಅವನ ಗೆಳೆಯರಿಗೂ ಬಿಡಿಸಿ ಹೇಳಿ.

ನಿದ್ದೆ ಮಾತ್ರೆ, ಅಲ್ಪ್ರಜೋಲಾಮ್‌ನಂಥವು, ಇದಕ್ಕೆ ವಿರುದ್ಧ. ಒಮ್ಮೆಗೇ ನಿಲ್ಲಿಸಿದರೆ ಮದ್ಯದ ಹಾಗೇ ಫಿಟ್ಸ್ ಬರುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸಬೇಕು. ವರ್ಷಗಳಿಂದ "ನಿದ್ದೆಗೆ ಅರ್ಧ ಮಾತ್ರೆ" ನುಂಗುವ ಅಜ್ಜಿಯಿಂದ ಅದನ್ನು ಕಿತ್ತುಕೊಳ್ಳುವ ಮೊಮ್ಮಕ್ಕಳಿಗೆ ಈ ಮಾತು.

ಗುಟ್ಟಾಗಿ ಪುಡಿ ಬೆರೆಸಬೇಡಿ

ಕುಡಿತ ಬಿಡಿಸುವ ಪುಡಿ ಅಂತ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಬರೆದಿರುತ್ತಾರೆ, ರೋಗಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕಿ ಅಂತ. ಹೀಗೆ ಮಾರುವ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು, ಹೃದಯ ದುರ್ಬಲ ಇದ್ದವರು ಹೋಗಿಯೇ ಬಿಡಬಹುದು. ಅದೇ ಔಷಧಿಯನ್ನು ರೋಗಿಗೆ ಹೇಳಿ, ಪರೀಕ್ಷೆ ಮಾಡಿ, ಕೊನೆಯ ಗುಟುಕಿನಿಂದ ಸಾಕಷ್ಟು ಹೊತ್ತು ಕಳೆದ ಮೇಲೆ ಡಾಕ್ಟರ್ ಕೊಡುತ್ತಾರೆ. ಅದು ಬೇರೆ, ಇದು ಬೇರೆ.

ಕಟ್ಟಿ ಹಾಕುವುದೂ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಸರಪಳಿ ಹಾಕುವುದನ್ನು ಅದು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಮದ್ಯವರ್ಜನ ಶಿಬಿರಕ್ಕೆ ಕಳಿಸುವವರು ಹಿಂದಿನ ಫಿಟ್ಸ್, ಲಿವರ್ ವಿಷಯ ಮುಚ್ಚಿಡದೆ ಹೇಳಿ, ಮೊದಲು ಡಾಕ್ಟರ್ ನೋಡಿದ ಮೇಲೆ ಕಳಿಸಿ.

ಐದನೇ ದಿನದಿಂದ

ನಡುಕ ನಿಂತಿತು. ಮಾತ್ರೆ ಮುಗಿಯಿತು. ಮನೆಯವರು ದೇವರಿಗೆ ಕಾಯಿ ಒಡೆಸಿದರು. ನನ್ನ ಮಟ್ಟಿಗೆ ಚಿಕಿತ್ಸೆ ಶುರುವಾಗುವುದೇ ಈಗ. ನಿದ್ದೆ ಸರಿಯಾಗಲು ವಾರಗಳು ಬೇಕು, ಸಂಜೆ ಆರೂವರೆ ಆಗುತ್ತಲೇ ಕಾಲು ತಾನಾಗಿ ಬಾರಿನ ಕಡೆ ತಿರುಗುತ್ತದೆ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳಿವೆ, ಲಿವರ್ ಕಿಡ್ನಿ ನೋಡಿ ಕೊಡುತ್ತಾರೆ. ಅದಕ್ಕೆ ಮನೋವೈದ್ಯರು ಬೇಕು. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ಪಿಎಚ್‌ಸಿಯಲ್ಲಿ ಕೇಳಿ, ಇಲ್ಲದಿದ್ದರೆ ಮೆಗ್ಗಾನ್‌ನ ಮನೋವೈದ್ಯ ವಿಭಾಗಕ್ಕೆ ಹೋಗಿ. ಅಷ್ಟು ದೂರ ಆಗದವರು ಟೆಲಿಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೇ ಅಂತ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ಕೇಂದ್ರ ಇದೆ, ಆದರೆ ಎಲ್ಲರೂ ಅಲ್ಲಿಗೇ ಓಡಬೇಕಾಗಿಲ್ಲ.

ಮರ ಹತ್ತುವವರು, ಲಾರಿ ಓಡಿಸುವವರು, ಮರ ಕೊಯ್ಯುವ ಮಿಲ್ಲಿನವರು ಡಾಕ್ಟರ್ ಸರಿ ಅನ್ನುವ ತನಕ ಆ ಕೆಲಸಕ್ಕೆ ಹೋಗಬಾರದು. ಮಾಲೀಕರಿಗೆ ನಾನೇ ಚೀಟಿ ಬರೆದುಕೊಟ್ಟಿದ್ದೇನೆ, ಎರಡು ವಾರ ಕೆಳಗಿನ ಕೆಲಸ ಕೊಡಿ ಅಂತ. ಅಡಿಕೆ ಸುಲಿಯುವುದು, ಹೆಕ್ಕುವುದು, ಒಣಗಿಸುವುದು, ಕೆಲಸಕ್ಕೇನು ಬರ?

ಮತ್ತೆ ಕುಡಿದರೆ, ಹಲವರು ಕುಡಿಯುತ್ತಾರೆ, ನಾಚಿಕೊಂಡು ಆಸ್ಪ‌ತ್ರೆ ತಪ್ಪಿಸಬೇಡಿ. ಬರುವಾಗ ಹಳೇ ಚೀಟಿ ತನ್ನಿ. ಹೋದ ಸಲ ಎಷ್ಟು ಮಾತ್ರೆ ಬೇಕಾಯಿತು, ಫಿಟ್ಸ್ ಬಂದಿತ್ತಾ, ಎಷ್ಟನೇ ದಿನ ನಡುಕ ನಿಂತಿತು ಎಲ್ಲ ಅದರಲ್ಲಿರುತ್ತದೆ, ಈ ಸಲ ಮನೆಯೋ ಆಸ್ಪತ್ರೆಯೋ ಅಂತ ಅದನ್ನು ನೋಡಿಯೇ ಹೇಳುವುದು. ಮಳೆಯಲ್ಲಿ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ರೇಷನ್ ಕಾರ್ಡಿನ ಜೊತೆ.